ರೈಲು ಎಂಜಿನ್‌ಗೆ ಡೀಸೆಲ್ ಹೆಸರು ಬಂದದ್ದು ಹೇಗೆ? ನಡುಗಡಲಿನಲ್ಲಿ ಕಣ್ಮರೆಯಾದ ಸಂಶೋಧಕನ ಕಥೆ

ಪುಣೆ: ಇಲ್ಲಿನ ಕೋಥ್ರೂಡ್‌ನಲ್ಲಿರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಹೋದ ಮಕ್ಕಳು ಅಲ್ಲಿಂದ ಸುಲಭಕ್ಕೆ ಹೊರಬರುವುದಿಲ್ಲ. 1998ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಉಗಿ, ಡೀಸೆಲ್, ವಿದ್ಯುತ್ ರೈಲುಗಳ ಪುಟ್ಟ ಮಾದರಿಗಳು ಸಿಗ್ನಲ್ ನೋಡಿಕೊಂಡು ಓಡುತ್ತವೆ. ಮಾದರಿ ತಯಾರಕರು ಹೆಚ್ಚಾಗಿ ಬಳಸುವ ಎಚ್‌ಒ ಅಳತೆ ಎಂದರೆ ಅಸಲಿಯ 87ನೇ ಒಂದು ಭಾಗ. ಸುಮಾರು 17 ಮೀಟರ್ ಉದ್ದದ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ಈ ಲೆಕ್ಕದಲ್ಲಿ 20 ಸೆಂಟಿಮೀಟರ್‌ಗಿಳಿದು ಅಂಗೈ ಮೇಲೆ ಕೂರುತ್ತದೆ.

ಮುಂಬೈಯಿಂದ ಪುಣೆವರೆಗೆ ವಿದ್ಯುತ್ ಎಂಜಿನ್, ಅಲ್ಲಿಂದ ಕರ್ನಾಟಕದ ಕಡೆಗೆ ಡೀಸೆಲ್ ಎಂಜಿನ್. ಬಹಳ ವರ್ಷ ಇದೇ ರೂಢಿಯಾಗಿತ್ತು. ಆದರೆ ಡೀಸೆಲ್ ಎಂಬುದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಯುದ್ಧ ಬಂತು, ಊರು ಬಿಡಬೇಕಾಯಿತು

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಮೂಲದವರು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಶ್ಯದ ನಡುವೆ ಯುದ್ಧ ಶುರುವಾದಾಗ ಕುಟುಂಬ ಲಂಡನ್‌ಗೆ ಹೊರಟಿತು. ಕೈಯಲ್ಲಿ ಕಾಸಿರಲಿಲ್ಲ. 12 ವರ್ಷದ ರುಡಾಲ್ಫ್‌ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಗಣಿತ ಶಿಕ್ಷಕರಾಗಿದ್ದ ಬಂಧುವಿನ ಮನೆಗೆ ಕಳಿಸಿದರು. ಅಲ್ಲಿ ಓದಿ, ಮ್ಯೂನಿಕ್‌ನ ತಾಂತ್ರಿಕ ಕಾಲೇಜು ಸೇರಿದ ಡೀಸೆಲ್‌ಗೆ ಶೈತ್ಯ ಯಂತ್ರಗಳ ತಜ್ಞ ಕಾರ್ಲ್ ಫಾನ್ ಲಿಂಡೆ ಗುರುವಾದರು.

ಉಗಿ ಎಂಜಿನ್ ಕಲ್ಲಿದ್ದಲಿನ ಶಕ್ತಿಯಲ್ಲಿ ಬಹುಪಾಲನ್ನು ವ್ಯರ್ಥ ಮಾಡುತ್ತದೆ ಎಂಬುದು ಡೀಸೆಲ್ ಅವರನ್ನು ಕಾಡುತ್ತಿತ್ತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಗಮನಿಸಿರುತ್ತಾರೆ. ಗಾಳಿಯನ್ನು ಇನ್ನೂ ಬಲವಾಗಿ ಒತ್ತಿದರೆ, ಅದರ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ, ಕಿಡಿಯೇ ಬೇಡ. ಅವರ ಯೋಚನೆ ಇಷ್ಟೇ. 1893ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು.

ಹೆಂಡತಿ ಸೂಚಿಸಿದ ಹೆಸರು

ಅದೇ ವರ್ಷ ಆಗಸ್ಟ್ 10ರಂದು ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಮೊದಲ ಪ್ರಯೋಗ ನಡೆಯಿತು. ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಡೀಸೆಲ್ ಪ್ರಯತ್ನ ಬಿಡಲಿಲ್ಲ. 1897ರ ಫೆಬ್ರವರಿಯಲ್ಲಿ ನಡೆದ ಅಧಿಕೃತ ಪರೀಕ್ಷೆಯಲ್ಲಿ ಅವರ ಎಂಜಿನ್ ಇಂಧನದ ಶೇ 26.2ರಷ್ಟು ಶಕ್ತಿಯನ್ನು ಕೆಲಸಕ್ಕೆ ಬಳಸಿತು. ಅಂದಿನ ಉಗಿ ಎಂಜಿನ್‌ಗಳಿಗೆ ಇದು ನಿಲುಕದ ಮಾತು.

ಎಂಜಿನ್‌ಗೆ ಏನು ಹೆಸರಿಡುವುದು? ಡೆಲ್ಟಾ, ಎಕ್ಸೆಲ್ಸಿಯರ್ ಎಂಬ ಹೆಸರುಗಳು ಅವರ ಮನಸ್ಸಿನಲ್ಲಿದ್ದವಂತೆ. ಸುಮ್ಮನೆ ಡೀಸೆಲ್ ಎಂದೇ ಕರೆಯಿರಿ ಎಂದು ಸೂಚಿಸಿದ್ದು ಪತ್ನಿ ಮಾರ್ತಾ ಎನ್ನಲಾಗುತ್ತದೆ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲೇ ಓಡಿತು. ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸುವ ಪ್ರಯೋಗಗಳನ್ನು ಕಂಡಿರುವ ಕರ್ನಾಟಕದವರಿಗೆ ಇದು ಹೊಸತೆನಿಸಲಾರದು.

ಓಡಿದರೂ ಗೆಲ್ಲದ ರೈಲು

ರೈಲನ್ನೂ ಇದೇ ಎಂಜಿನ್‌ನಿಂದ ಎಳೆಸಬೇಕೆಂಬುದು ಡೀಸೆಲ್ ಕನಸು. ಸ್ವಿಟ್ಜರ್ಲೆಂಡ್‌ನ ಸುಲ್ಜರ್ ಕಂಪನಿ ಮತ್ತು ಎಂಜಿನಿಯರ್ ಅಡಾಲ್ಫ್ ಕ್ಲೋಸೆ ಜತೆ ಸೇರಿ ರೂಪಿಸಿದ 95 ಟನ್ ತೂಕದ ಲೋಕೊಮೋಟಿವ್ 1912ರಲ್ಲಿ ಹಳಿಗಿಳಿಯಿತು. ಗಂಟೆಗೆ 100 ಕಿ.ಮೀ. ವೇಗವನ್ನೂ ಮುಟ್ಟಿತು. ಆದರೆ ಎಂಜಿನ್ ನೇರವಾಗಿ ಗಾಲಿಗೇ ಜೋಡಣೆಯಾಗಿತ್ತು. ನಿಂತಲ್ಲಿಂದ ಹೊರಡಲು ಒತ್ತಿಟ್ಟ ಗಾಳಿಯ ನೆರವು ಬೇಕಿತ್ತು. ಪದೇ ಪದೇ ಕೈಕೊಟ್ಟ ಅದು ಕೊನೆಗೆ ಗುಜರಿ ಸೇರಿತು.

ಇತ್ತ ಸಾಲ, ಪೇಟೆಂಟ್ ಜಗಳ, ಅನಾರೋಗ್ಯ ಡೀಸೆಲ್ ಅವರನ್ನು ಹಣ್ಣು ಮಾಡಿದ್ದವು. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಲ್ಲಿ ಇಂಗ್ಲೆಂಡ್‌ಗೆ ಹೊರಟ ಡ್ರೆಸ್ಡೆನ್ ಹಡಗು ಹತ್ತಿದರು. ಊಟ ಮುಗಿಸಿ, ಬೆಳಿಗ್ಗೆ 6.15ಕ್ಕೆ ಎಬ್ಬಿಸುವಂತೆ ಹೇಳಿ ಕೋಣೆಗೆ ಹೋದರು. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಟೋಪಿ ಮತ್ತು ಕೋಟು ಮಾತ್ರ ಡೆಕ್‌ ಮೇಲೆ ಸಿಕ್ಕವು.

ಕೆಲ ದಿನಗಳ ನಂತರ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಕಾಣಿಸಿತು. ದೋಣಿಯವರು ಜೇಬಿನಲ್ಲಿದ್ದ ವಸ್ತುಗಳನ್ನು ತೆಗೆದುಕೊಂಡು ಶವವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳು ತಂದೆಯವೇ ಎಂದು ಮಗ ಯೂಜೆನ್ ಗುರುತಿಸಿದರು. ಆತ್ಮಹತ್ಯೆಯೋ, ಅಪಘಾತವೋ, ಕೊಲೆಯೋ? ಚರ್ಚೆ ಇಂದಿಗೂ ನಿಂತಿಲ್ಲ. ಆಗ ಅವರಿಗೆ 55 ವರ್ಷ.

ಭಾರತದ ಹಳಿಗಳ ಮೇಲೆ

ಡೀಸೆಲ್ ಸೋತ ಜಾಗದಲ್ಲಿ ಮುಂದಿನವರು ಉಪಾಯ ಕಂಡುಕೊಂಡರು. ಎಂಜಿನ್‌ನಿಂದ ವಿದ್ಯುತ್ ತಯಾರಿಸಿ, ಆ ವಿದ್ಯುತ್ತಿನಿಂದ ಮೋಟಾರ್ ಓಡಿಸಿ, ಮೋಟಾರ್‌ನಿಂದ ಗಾಲಿ ತಿರುಗಿಸಿದರು. 2,600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಕೆಲಸ ಮಾಡುವುದೂ ಹೀಗೆಯೇ. ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದ ಮೊದಲ ಡೀಸೆಲ್ ಲೋಕೊಮೋಟಿವ್ 1964ರ ಜನವರಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅವರಿಂದ ದೇಶಕ್ಕೆ ಸಮರ್ಪಣೆಯಾಯಿತು.

ಪುಣೆಗೂ ಈ ಹೆಸರಿನ ನಂಟು ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮ ಸಮೂಹ, 1946ರಲ್ಲಿ ಇಲ್ಲಿನ ಖಡಕಿಯಲ್ಲಿ ಡೀಸೆಲ್ ಎಂಜಿನ್ ಕಂಪನಿ ಆರಂಭಿಸಿತು. ಆ ಎಂಜಿನ್‌ಗಳು ರೈತರ ಬಾವಿಗಳಿಂದ ನೀರೆತ್ತಿದವು.

ಈಗ ವಿದ್ಯುತ್ ತಂತಿ ಎಲ್ಲೆಡೆ ಬಂದು, ಡೀಸೆಲ್ ಎಂಜಿನ್‌ಗಳು ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಇನ್ನು ಕೆಲವೇ ವರ್ಷಗಳಲ್ಲಿ ಮಕ್ಕಳು ಅವನ್ನು ನೋಡಬೇಕೆಂದರೆ ಕೋಥ್ರೂಡ್‌ನಂಥ ಸಂಗ್ರಹಾಲಯಕ್ಕೇ ಬರಬೇಕಾಗಬಹುದು. ಹೆಸರು ಕೊಟ್ಟವನಿಗೆ ಮಾತ್ರ ತನ್ನ ಎಂಜಿನ್ ರೈಲು ಎಳೆದು ಗೆದ್ದದ್ದನ್ನು ನೋಡುವ ಭಾಗ್ಯ ಇರಲಿಲ್ಲ.