ಎರಡು ಗೆರೆ ಎಳೆದ ಮೇಡಂ: ಸೆಂಡಾ ಬೆರೆನ್ಸನ್

ಬಾಸ್ಕೆಟ್‌ಬಾಲ್ ಕಂಡುಹಿಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಜೇಮ್ಸ್ ನೈಸ್ಮಿತ್ ಅಂತ ಥಟ್ಟನೆ ಹೇಳ್ತೀವಿ. ಅದೇ ಆಟವನ್ನು ಹುಡುಗಿಯರ ಕೈಗೆ ಕೊಟ್ಟವರು ಯಾರು ಅಂದ್ರೆ ಹೆಚ್ಚಿನವರು ಸುಮ್ಮನಾಗ್ತೀವಿ. ಅವರ ಹೆಸರು ಸೆಂಡಾ ಬೆರೆನ್ಸನ್. ವಿಚಿತ್ರ ಅಂದ್ರೆ, ಚಿಕ್ಕಂದಿನಲ್ಲಿ ಈಕೆಗೆ ಆಟ, ವ್ಯಾಯಾಮ ಎರಡೂ ಅಷ್ಟಕ್ಕಷ್ಟೇ.

ಸೆಂಡಾ ಹುಟ್ಟಿದ್ದು 1868ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯಾದ ಒಂದು ಯಹೂದಿ ಕುಟುಂಬದಲ್ಲಿ. 1875ರಲ್ಲಿ ಮನೆಯವರೆಲ್ಲ ಅಮೆರಿಕದ ಬಾಸ್ಟನ್‌ಗೆ ವಲಸೆ ಬಂದರು. ಅಪ್ಪ ಊರೂರು ತಿರುಗಿ ಸಾಮಾನು ಮಾರಿ ಸಂಸಾರ ಸಾಕಿದರು. ಅಣ್ಣ ಬರ್ನಾರ್ಡ್ ಮುಂದೆ ಹೆಸರಾಂತ ಕಲಾ ವಿಮರ್ಶಕನಾದ. ಸೆಂಡಾಗೆ ಪಿಯಾನೊ ಕಲಿಯೋ ಆಸೆ ಇತ್ತು, ಸಂಗೀತ ಶಾಲೆಗೂ ಸೇರಿದಳು. ಆದರೆ ಬೆನ್ನುನೋವು, ನಿಶ್ಶಕ್ತಿ. ಹೆಚ್ಚು ಹೊತ್ತು ಕೂತು ನುಡಿಸೋಕೆ ಆಗದೆ ಸಂಗೀತ ಅಲ್ಲಿಗೇ ನಿಂತಿತು.

ಮೈ ಸ್ವಲ್ಪ ಗಟ್ಟಿಯಾಗಲಿ ಅಂತ 1890ರಲ್ಲಿ ಬಾಸ್ಟನ್ನಿನ ವ್ಯಾಯಾಮ ಶಿಕ್ಷಕಿಯರ ತರಬೇತಿ ಶಾಲೆಗೆ ಸೇರಿದಳು. ಮೊದಮೊದಲು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲೋದೇ ಕಷ್ಟವಾಗಿತ್ತು. ತಿಂಗಳುಗಳು ಕಳೆದಂತೆ ಮೈಗೆ ಬಲ ಬಂತು, ಜೊತೆಗೆ ಆ ವಿದ್ಯೆಯ ಮೇಲೆ ಪ್ರೀತಿಯೂ ಬಂತು. 1892ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್‌ನಲ್ಲಿದ್ದ ಸ್ಮಿತ್ ಮಹಿಳಾ ಕಾಲೇಜಿಗೆ ವ್ಯಾಯಾಮ ಶಿಕ್ಷಕಿಯಾಗಿ ಹೋದಳು.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. 1873ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಬಾಸ್ಟನ್ ವೈದ್ಯ, ಹುಡುಗಿಯರು ಹುಡುಗರ ಥರ ಓದಿದ್ರೆ ಅವರ ಆರೋಗ್ಯ ಕೆಡುತ್ತೆ ಅಂತ ಪುಸ್ತಕವನ್ನೇ ಬರೆದಿದ್ದ. ಓದೇ ಬೇಡ ಅನ್ನುವವರು ಆಟಕ್ಕೆ ಒಪ್ತಾರಾ? ಹಾಗಾಗಿ ಮಹಿಳಾ ಕಾಲೇಜುಗಳಲ್ಲಿ ವ್ಯಾಯಾಮ ಅನ್ನೋದು ಹುಡುಗಿಯರ ಓದನ್ನು ಕಾಪಾಡುವ ಗುರಾಣಿಯೂ ಆಗಿತ್ತು. ಆದರೆ ಸಾಲಾಗಿ ನಿಂತು ಕೈಕಾಲು ಎತ್ತಿ ಇಳಿಸೋ ಕಸರತ್ತು ವಿದ್ಯಾರ್ಥಿನಿಯರಿಗೆ ಬೋರು ಹೊಡೆಸುತ್ತಿತ್ತು.

ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರ ಡಿಸೆಂಬರ್‌ನಲ್ಲಿ ನೈಸ್ಮಿತ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದು ಹೊಸ ಆಟ ಶುರು ಮಾಡಿದ್ದರು. ಅದರ ಬಗ್ಗೆ ಓದಿದ ಸೆಂಡಾ, ಇದನ್ನ ನಮ್ಮ ಹುಡುಗಿಯರೂ ಆಡಬಹುದಲ್ಲ ಅಂತ ಯೋಚಿಸಿದಳು. 1893ರ ಮಾರ್ಚ್‌ನಲ್ಲಿ ಮೊದಲ ಮತ್ತು ಎರಡನೇ ವರ್ಷದವರ ನಡುವೆ ಪಂದ್ಯ ಇಟ್ಟಳು. ಗಂಡಸರಿಗೆ ಪ್ರವೇಶ ಇಲ್ಲ. ಸೆಂಡಾ ಚೆಂಡು ಮೇಲಕ್ಕೆ ಎಸೆದ ಮೊದಲ ಕ್ಷಣದಲ್ಲೇ ಮೊದಲ ವರ್ಷದ ನಾಯಕಿಯ ಭುಜದ ಕೀಲು ತಪ್ಪಿತು! ಅವಳನ್ನು ಪಕ್ಕಕ್ಕೆ ಕರೆದೊಯ್ದು ಸರಿಮಾಡಿದರು, ಆಟ ಮುಂದುವರಿಯಿತು. ಎರಡನೇ ವರ್ಷದವರು 5–4ರಿಂದ ಗೆದ್ದರು.

ಒರಟಾಟದ ಗಾಯ ನೆಪವಾಗಿ ಆಟವೇ ನಿಂತುಹೋಗಬಾರದು ಅಂತ ಸೆಂಡಾ ನಿಯಮಗಳನ್ನು ಬದಲಿಸಿದಳು. ಎರಡು ಗೆರೆ ಎಳೆದು ಅಂಗಳವನ್ನು ಮೂರು ಭಾಗ ಮಾಡಿದಳು. ಆಟಗಾರ್ತಿ ತನ್ನ ಭಾಗ ದಾಟುವಂತಿಲ್ಲ. ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ. ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ, ಮೂರಕ್ಕಿಂತ ಹೆಚ್ಚು ಸಲ ಪುಟಿಸುವಂತಿಲ್ಲ. ಇದರಿಂದ ಒಬ್ಬಳೇ ಮಿಂಚೋಕೆ ಆಗಲ್ಲ, ಪಾಸ್ ಕೊಡಲೇಬೇಕು. 1899ರಲ್ಲಿ ಸಮಿತಿಯೊಂದು ಕೂತು ಈ ನಿಯಮಗಳಿಗೆ ಅಧಿಕೃತ ರೂಪ ಕೊಟ್ಟಿತು. 1901ರಲ್ಲಿ ಅವು ಸೆಂಡಾ ಸಂಪಾದಕತ್ವದಲ್ಲಿ ಪುಸ್ತಕವಾಗಿ ಬಂದವು. ಮುಂದೆ ಒಂದೂವರೆ ದಶಕ ಆ ಕೆಲಸ ಆಕೆಯದೇ.

ಸ್ಮಿತ್ ಕಾಲೇಜಿಗೆ ಕತ್ತಿವರಸೆ ತಂದವಳೂ ಅವಳೇ. 1911ರಲ್ಲಿ ಅಲ್ಲಿನ ಇಂಗ್ಲಿಷ್ ಪ್ರೊಫೆಸರ್ ಹರ್ಬರ್ಟ್ ಅಬಟ್ ಅವರನ್ನು ಮದುವೆಯಾಗಿ ಕಾಲೇಜು ಬಿಟ್ಟಳು. ಆಮೇಲೂ ಅದೇ ಊರಿನ ಹುಡುಗಿಯರ ಶಾಲೆಯೊಂದರಲ್ಲಿ ವ್ಯಾಯಾಮ ವಿಭಾಗ ನೋಡಿಕೊಂಡಳು. 1954ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ತೀರಿಕೊಂಡಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹುಡುಗಿಯರನ್ನು ಅಂಗಳಕ್ಕೆ ಇಳಿಸಿದ ಅದೇ ಗೆರೆಗಳು ಮುಂದೆ ಅವರಿಗೆ ಬೇಲಿಯೂ ಆದವು. ಕಾಲೇಜು ಕಾಲೇಜುಗಳ ನಡುವಿನ ಪೈಪೋಟಿ ಸೆಂಡಾಗೆ ಇಷ್ಟವಿರಲಿಲ್ಲ. ಆದರೂ 1896ರಲ್ಲೇ ಸ್ಟ್ಯಾನ್‌ಫರ್ಡ್ ಹುಡುಗಿಯರು ಬರ್ಕ್ಲಿಯವರನ್ನು 2–1ರಿಂದ ಸೋಲಿಸಿದ್ದರು. 1938ರಲ್ಲಿ ಮೂರು ಭಾಗ ಹೋಗಿ ಎರಡಾಯಿತು. ಐದೈದು ಜನ ಇಡೀ ಅಂಗಳ ಓಡಾಡುವ ಆಟ ಅಮೆರಿಕದ ಕಾಲೇಜು ಹುಡುಗಿಯರಿಗೆ ಸಿಕ್ಕಿದ್ದು 1971ರಲ್ಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಮೊದಲ ಸಲ ಸೇರಿತು.

ಹಾಗಂತ ಸೆಂಡಾಳನ್ನು ತಪ್ಪಿತಸ್ಥೆ ಅನ್ನೋದು ಸರಿಯಲ್ಲ. ನಾವು ಇಂಜಿನಿಯರಿಂಗ್ ಓದುವವರು. ಇರುವ ಇತಿಮಿತಿಯೊಳಗೆ ಕೆಲಸ ಮಾಡೋ ಡಿಸೈನ್ ಅಂದ್ರೇನು ಅಂತ ನಮಗೆ ಗೊತ್ತು. ಆಕೆಯ ಎದುರಿಗಿದ್ದ ಆಯ್ಕೆ ಮಿತಿಯಿರುವ ಆಟ, ಇಲ್ಲಾ ಆಟವೇ ಇಲ್ಲ. ಮೊದಲನೆಯದನ್ನು ಆರಿಸಿದ್ದಕ್ಕೇ ಮುಂದಿನವರಿಗೆ ಅಳಿಸೋಕೆ ಗೆರೆಗಳಾದರೂ ಸಿಕ್ಕವು. 1985ರಲ್ಲಿ ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್ ಮೊದಲ ಬಾರಿಗೆ ಮಹಿಳೆಯರನ್ನು ಸೇರಿಸಿಕೊಂಡಾಗ ಆ ಸಾಲಿನಲ್ಲಿ ಸೆಂಡಾ ಬೆರೆನ್ಸನ್ ಹೆಸರಿತ್ತು. ಆಕೆ ತೀರಿಕೊಂಡು ಆಗಲೇ 31 ವರ್ಷವಾಗಿತ್ತು.