ವೀರೇಂದ್ರನಾಥ ಚಟ್ಟೋಪಾಧ್ಯಾಯರು

ಸರೋಜಿನೀ ನಾಯಡು ಅವರ ತಮ್ಮಂದಿರಾದ ವೀರೇಂದ್ರನಾಥರ ದೇಶಭಕ್ತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿ ಬಲ್ಲರು. ಆದರೆ ಆ ಮಹಾಶಯರ ಅಂತ್ಯವೆಂತಾಯಿತೆಂಬುದನ್ನು ಬಲ್ಲವರು ವಿರಳರು. ಇವರ ಸೋದರರಾದ ಹರೀಂದ್ರನಾಥರು ಮಂಗಳೂರಿನ ಕಮಲಾದೇವಿಯವರ ಪಾಣಿಗ್ರಹಣ ಮಾಡಿದುದರಿಂದ ಕನ್ನಡನಾಡಿಗೂ ಈ ಮನೆತನಕ್ಕೂ ನಂಟುಂಟು; ಅದರಿಂದಲೂ ಈ ವೃತ್ತಾಂತವನ್ನು ಅರುಹುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವೀರೇಂದ್ರನಾಥರು 1880ರಲ್ಲಿ ಹೈದರಾಬಾದಿನಲ್ಲಿ ವಿದ್ವಾಂಸರಾದ ಅಘೋರನಾಥರ ಪುತ್ರರಾಗಿ ಜನಿಸಿದರು. ವಿದ್ಯಾರ್ಥಿಯಾಗಿ ಇಂಗ್ಲೆಂಡಿಗೆ ತೆರಳಿದವರು ಅಲ್ಲಿ ಶ್ಯಾಮಜಿ ಕೃಷ್ಣವರ್ಮರ ಬಳಗವನ್ನು ಸೇರಿದರು. 1909ರಲ್ಲಿ ಸಾವರಕರರ ಪಕ್ಷವಹಿಸಿ ಪತ್ರಿಕೆಗೆ ಬರೆದುದಕ್ಕಾಗಿ ಮಿಡ್ಲ್ ಟೆಂಪಲ್ ಎಂಬ ನ್ಯಾಯವಾದಿಗಳ ಸಂಸ್ಥೆಯು ಇವರನ್ನು ಹೊರದೂಡಿತು. ಪ್ಯಾರಿಸಿನಲ್ಲಿ ಶ್ರೀಮತಿ ಕಾಮಾ ಅವರೊಡನೆ ದುಡಿದು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬರ್ಲಿನಿನ ಭಾರತೀಯ ಸಮಿತಿಗೆ ಮುಂದಾಳಾದರು. ಆಂಗ್ಲ ಗೂಢಚಾರರು ದೇಶದಿಂದ ದೇಶಕ್ಕೆ ಬೆನ್ನಟ್ಟಿದರೂ ಇವರು ಸಿಕ್ಕಲಿಲ್ಲ. 1927ರಲ್ಲಿ ಬ್ರಸೆಲ್ಸಿನಲ್ಲಿ ಸ್ಥಾಪಿತವಾದ ಸಾಮ್ರಾಜ್ಯವಿರೋಧಿ ಸಂಘದ ಕಾರ್ಯದರ್ಶಿತ್ವವನ್ನು ವಹಿಸಿದರು. ಆ ಸಭೆಗೆ ಜವಾಹರಲಾಲರೂ ಹೋಗಿದ್ದರು.

1931ರಲ್ಲಿ ರಷಿಯಾ ದೇಶವನ್ನು ಆಶ್ರಯಿಸಿ, ಲೆನಿನ್‌ಗ್ರಾಡಿನ ಜನಾಂಗಶಾಸ್ತ್ರ ಸಂಸ್ಥೆಯಲ್ಲಿ ಭಾರತೀಯ ವಿಷಯಗಳ ಪಂಡಿತರಾಗಿ ನೆಲೆಸಿದರು. ದೀನರ ರಾಜ್ಯವೆಂದು ನಂಬಿ ಹೋದ ಆ ನಾಡಿನಲ್ಲಿ ಸ್ಟಾಲಿನನ ಶಂಕೆಯೇ ಶಾಸನವಾಗಿತ್ತು. ಪರದೇಶದ ಸಂಪರ್ಕವೊಂದೇ ಅಪರಾಧಕ್ಕೆ ಸಾಕಾಯಿತು. ಮರಣದಂಡನೆಗೆ ಗುರಿಯಾಗತಕ್ಕವರ ಹೆಸರುಗಳ ಪಟ್ಟಿಗಳಿಗೆ ಮೊದಲೇ ಸ್ಟಾಲಿನನೂ ಆತನ ಸಹಚರರೂ ರುಜು ಹಾಕುತ್ತಿದ್ದರು. ಬಳಿಕ ವಕೀಲರಿಲ್ಲದ, ಅಪೀಲಿಲ್ಲದ ವಿಚಾರಣೆಯು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. 1937 ಮತ್ತು 1938, ಈ ಎರಡು ವರ್ಷಗಳಲ್ಲಿ ಆ ದೇಶದಲ್ಲಿ ಒಟ್ಟು ಮರಣದಂಡನೆಗೆ ಗುರಿಯಾಗಿ ಹತರಾದವರು, ಆ ಸರಕಾರದ ಕಡತಗಳ ಪ್ರಕಾರವೇ, 6,80,000ಕ್ಕೂ ಹೆಚ್ಚು. 1937ನೆಯ ಜುಲೈಯಲ್ಲಿ ವೀರೇಂದ್ರನಾಥರ ಬಂಧನವಾಯಿತು. ಸೆಪ್ಟೆಂಬರ್ 2ರಂದು ಅವರನ್ನು ಗುಂಡಿಕ್ಕಿ ಕೊಂದರು. ಇನ್ನೋರ್ವ ಭಾರತೀಯರಾದ ಅವನಿ ಮುಖರ್ಜಿಯವರಿಗೂ ಅದೇ ವರ್ಷ ಅದೇ ಗತಿಯಾಯಿತು.

ಕೊಂದವರು ಕೊಂದೆವೆಂದೂ ಹೇಳಲಿಲ್ಲ. ಇಂತಹ ಹತರ ಮನೆಯವರಿಗೆ, ಹತ್ತು ವರ್ಷ ಸೆರೆ, ಪತ್ರವ್ಯವಹಾರಕ್ಕೆ ಅನುಮತಿಯಿಲ್ಲ ಎಂದು ಸುಳ್ಳನ್ನೇ ತಿಳಿಸುವುದು ಅಲ್ಲಿಯ ಪದ್ಧತಿಯಾಗಿತ್ತು. ಸರೋಜಿನೀದೇವಿಯವರು 1949ರಲ್ಲಿ ಕಾಲವಾದರು. ತಮ್ಮನ ಮರಣದಿನವು ಪ್ರಕಟವಾದುದು ಅದೆಷ್ಟೋ ದಶಕಗಳ ಅನಂತರ.

ಶತ್ರುವಿನ ಸಾಮ್ರಾಜ್ಯವು ಮಾಡಲಾರದುದನ್ನು ಮಿತ್ರನೆಂದು ನಂಬಿದ ರಾಜ್ಯವು ಮಾಡಿ ಮುಗಿಸಿತು. ಸೆರೆಹಿಡಿದವನನ್ನು ಎಲ್ಲಿಟ್ಟಿದ್ದೀರಿ, ಏತಕ್ಕೆ ಹಿಡಿದಿರಿ ಎಂದು ಮನೆಯವರು ಕೇಳಲೂ, ನ್ಯಾಯಾಧೀಶನು ಉತ್ತರವನ್ನು ಪಡೆಯಲೂ ಎಲ್ಲಿ ಸಾಧ್ಯವಿಲ್ಲವೋ ಅಲ್ಲಿ ಧ್ವಜದ ಬಣ್ಣವು ಯಾವುದಾದರೇನು? ಸ್ವಾತಂತ್ರ್ಯಕ್ಕಾಗಿ ಮನೆಮಠಗಳನ್ನು ತೊರೆದ ಈ ಮಹನೀಯರಿಗೆ ಸಮಾಧಿಯೂ ದೊರೆಯಲಿಲ್ಲ. ಅವರ ಸ್ಮರಣೆಯನ್ನಾದರೂ ಉಳಿಸಿಕೊಳ್ಳುವುದು ನಮ್ಮೆಲ್ಲರ ಋಣ.