ಚಿನ್ನ ತಂದ ಸಾಲಿ ಮಾಸ್ತರ್

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಹೈದರಾಬಾದ್ ಬಸ್ಸಿಗೆ ಕಾಯುವವರು ದಿನಾ ಎಷ್ಟು ಮಂದಿ! ಮಾಲು ತರಲಿಕ್ಕೆ, ದವಾಖಾನೆಗೆ, ಬೀಗರ ಮನೆಗೆ ಅಂತ ನಮ್ಮ ಜನ ಹೋಗಿಬರುವ ಆ ಊರಿನಲ್ಲಿ ಒಬ್ಬ ಸಾಲಿ ಮಾಸ್ತರ್ ಇದ್ದರು. ಹೆಸರು ಸೈಯದ್ ಅಬ್ದುಲ್ ರಹೀಂ. ಏಷ್ಯನ್ ಗೇಮ್ಸ್ ಫುಟ್ಬಾಲಿನಲ್ಲಿ ಭಾರತ ಚಿನ್ನ ಗೆದ್ದದ್ದು ಎರಡೇ ಸಲ. ಎರಡೂ ಸಲ ತಂಡವನ್ನು ತಯಾರು ಮಾಡಿದವರು ಇದೇ ಮಾಸ್ತರು.

1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಿಕ್ಷಕರಾದರು. ಹಗಲು ಪಾಠ, ಸಂಜೆ ಮೈದಾನ. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ರಾಜ್ಯಕ್ಕೇ ಸೇರಿದ್ದವು ಅನ್ನುವುದು ಹಿರಿಯರಿಗೆ ನೆನಪಿದ್ದೀತು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಮುಂದಿನ ಕಥೆ ಕೇಳಿ. ಬೊಂಬಾಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಪೊಲೀಸರೇ ಹೊತ್ತೊಯ್ದರು. ಕಲಕತ್ತೆಯ ದೊಡ್ಡ ದೊಡ್ಡ ಕ್ಲಬ್ಬುಗಳು ನೋಡುತ್ತಾ ನಿಂತವು.

ಮಾಸ್ತರ ಗುಟ್ಟೇನು? ಒಬ್ಬನೇ ಚೆಂಡು ಕಟ್ಟಿಕೊಂಡು ಓಡುವುದು ಅವರಿಗೆ ಸೇರುತ್ತಿರಲಿಲ್ಲ. ಚೆಂಡು ಬಂದ ಕೂಡಲೇ ಇನ್ನೊಬ್ಬನಿಗೆ ದಾಟಿಸಬೇಕು. ಅದಕ್ಕಾಗಿಯೇ ಹುಡುಗರಿಗೆ ಡ್ರಿಬ್ಲಿಂಗ್ ಇಲ್ಲದ ಪಂದ್ಯ ಇಡುತ್ತಿದ್ದರು. ಬಲಗಾಲಿನವನು ಎಡಗಾಲಿನಲ್ಲೇ ಆಡುವ ಪಂದ್ಯವನ್ನೂ ಇಟ್ಟರು. ಸಾಲಿಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ!

1951ರಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲಿನಲ್ಲಿ ಇರಾನ್ ಎದುರು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಬಂತು. ಮರುವರ್ಷವೇ ಪೆಟ್ಟು. ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ 10-1ರಿಂದ ಬಡಿದು ಹಾಕಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು.

ಮಾಸ್ತರು ಕೈಕಟ್ಟಿ ಕೂಡಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ನಮ್ಮ ರಾಜ್ಯದ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಒಲಿಂಪಿಕ್ ಫುಟ್ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಹೋದದ್ದೇ ಇಲ್ಲ.

ಇನ್ನು 1962ರ ಜಕಾರ್ತಾ. ಅಷ್ಟು ಹೊತ್ತಿಗೆ ಮಾಸ್ತರ ಆರೋಗ್ಯ ಕೆಟ್ಟಿತ್ತು. ಸಿಗರೇಟಿನ ಚಟ ಬಹಳ. ಶ್ವಾಸಕೋಶಕ್ಕೆ ಕ್ಯಾನ್ಸರ್ ಹೊಕ್ಕಿತ್ತು. ಆದರೂ ತಂಡದ ಜೊತೆ ಹೊರಟರು.

ಅಲ್ಲಿ ಮೊದಲ ಪಂದ್ಯವೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಮುಂದೆ ಥಾಯ್ಲೆಂಡನ್ನು 4-1ರಿಂದ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗರ ತಲೆ ಒಡೆದು ಆರು ಹೊಲಿಗೆ ಬಿದ್ದವು. ಆಮೇಲೆ ಜಪಾನ್ ಮೇಲೆ 2-0 ಗೆಲುವು. ಸೆಮಿಫೈನಲಿಗೆ ಬಂದಾಗ ಮಾಸ್ತರು ಮಾಡಿದ್ದೇನು ಗೊತ್ತೇ? ಗಾಯಾಳು ಜರ್ನೈಲರನ್ನು ಹಿಂದಿನಿಂದ ತೆಗೆದು ಮುಂದೆ ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು! ಜರ್ನೈಲ್ ಗೋಲು ಹೊಡೆದರು. ದಕ್ಷಿಣ ವಿಯೆಟ್ನಾಂ 3-2ರಿಂದ ಸೋತಿತು.

ಫೈನಲಿಗೆ ಮತ್ತೆ ಅದೇ ಕೊರಿಯಾ. ಮೈದಾನದ ಹೊರಗೆ ಬೇರೆಯದೇ ಬೆಂಕಿ ಹತ್ತಿತ್ತು. ಇಸ್ರೇಲ್, ತೈವಾನ್ ತಂಡಗಳನ್ನು ಇಂಡೋನೇಷ್ಯಾ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರು. ಅಲ್ಲಿನ ಜನ ಸಿಟ್ಟಿಗೆದ್ದು ಭಾರತದ ರಾಯಭಾರ ಕಚೇರಿಗೇ ನುಗ್ಗಿದ್ದರು. ಮರುದಿನ, ಸೆಪ್ಟೆಂಬರ್ 4ರಂದು ಆಟ. ಸುತ್ತ ಸುಮಾರು ಒಂದು ಲಕ್ಷ ಜನ. ಭಾರತದವರು ಚೆಂಡು ಮುಟ್ಟಿದರೆ ಸಾಕು, ಕೂಗಾಟ.

ಕೊರಿಯಾದವರ ಎತ್ತರದ ಚೆಂಡುಗಳನ್ನು ತಡೆಯಲು ಮಾಸ್ತರು ಉದ್ದನೆಯ ಆಳು ಪೀಟರ್ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಿದರು. ಆತ ಜ್ವರದಿಂದ ಎದ್ದು ಬಂದಿದ್ದವರು. ಮೊದಲ 20 ನಿಮಿಷದಲ್ಲೇ ಆಟದ ಗತಿ ತಿರುಗಿತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. ಕೊನೆಕೊನೆಗೆ ಕೊರಿಯಾ ಒಂದು ಗೋಲು ತೀರಿಸಿತು, ಅಷ್ಟೇ. 2-1. ನಾಯಕ ಚುನಿ ಗೋಸ್ವಾಮಿ ತಂಡದ ಕೊರಳಿಗೆ ಚಿನ್ನ ಬಿತ್ತು. ಆ ಕೂಗಾಟದ ನಡುವೆ ಪಾಕಿಸ್ತಾನದ ಹಾಕಿ ಆಟಗಾರರು ಭಾರತದ ಪರ ಕೂಗಿದರು ಅಂತ ಆಟಗಾರರು ಆಮೇಲೂ ನೆನೆಯುತ್ತಿದ್ದರು.

ಊರಿಗೆ ಬಂದ ಮಾಸ್ತರು ಮತ್ತೆ ಚೇತರಿಸಿಕೊಳ್ಳಲಿಲ್ಲ. 1963ರ ಜೂನ್ 11ರಂದು ಕಣ್ಣು ಮುಚ್ಚಿದರು. ವಯಸ್ಸು ಬರೀ 53. ಆಮೇಲೆ 1970ರಲ್ಲಿ ಬ್ಯಾಂಕಾಕಿನಲ್ಲಿ ಒಂದು ಕಂಚು ಬಂದದ್ದು ಬಿಟ್ಟರೆ ಏಷ್ಯನ್ ಗೇಮ್ಸ್ ಫುಟ್ಬಾಲಿನಲ್ಲಿ ಭಾರತಕ್ಕೆ ಪದಕವೇ ಇಲ್ಲ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಮಾಸ್ತರು ಹೋಗಿ 22 ವರ್ಷ ಕಳೆದಿತ್ತು. 2024ರಲ್ಲಿ ಹಿಂದಿ ಸಿನಿಮಾ ಬಂದ ಮೇಲೆ ಎಷ್ಟೋ ಜನ ಅವರ ಹೆಸರನ್ನು ಮೊದಲ ಸಲ ಕೇಳಿದರು.

ಅವರ ಮಗ ಎಸ್.ಎಸ್. ಹಕೀಂ ಕೂಡ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ದುಡಿದು, ಆಮೇಲೆ ಅಂತರರಾಷ್ಟ್ರೀಯ ರೆಫ್ರಿಯೂ ಆದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಎಲ್ಲಿ? ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲೇ. ಅಂಥ ಮನೆತನದವರೊಬ್ಬರು ಇಲ್ಲಿದ್ದರು ಅನ್ನುವುದು ಊರಿನಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಚಿನ್ನದ ಪದಕ ಕೊರಳಿಗೆ ಹಾಕಿಕೊಂಡವರ ಫೋಟೊ ಉಳಿಯುತ್ತದೆ. ಕಲಿಸಿದ ಮಾಸ್ತರ ಹೆಸರು ಮಾತ್ರ ನಾವೇ ನೆನೆದರೆ ಉಂಟು, ಇಲ್ಲದಿದ್ದರೆ ಇಲ್ಲ.